ಬೀರುವಿನ ಅಡಿಯ ಹೆಜ್ಜೆ

"ಎಳೀಬೇಡ್ರಪ್ಪಾ, ಎತ್ತಿ! ನೆಲ ಗೀರಿದ್ರೆ ಎದ್ದು ಕೂತು ಬೈತಾರೆ!"

ಅಂದವಳೇ ಬಡಗಿಯ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಬೈಯಬೇಕಾದವನು ಅದೇ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ತಣ್ಣಗೆ ಮಲಗಿದ್ದ. ಅವನನ್ನು ಹೊರಗೆ ಒಯ್ಯಲು ಬಾಗಿಲ ಬಳಿಯ ಹತಾರದ ಬೀರು ಅಡ್ಡ ಬರುತ್ತಿತ್ತು. ಅವನ ಜೊತೆ ಕೆಲಸ ಮಾಡಿದ ನಾಲ್ವರು ಅದಕ್ಕೆ ಕೈ ಹಾಕಿದ್ದರು. ಇಪ್ಪತ್ತೆರಡು ವರ್ಷ ಬೀರುವಿನಡಿ ಮುಚ್ಚಿದ್ದ ತನ್ನ ತಪ್ಪು ಇವತ್ತೇ, ಇಷ್ಟು ಜನರ ಮುಂದೆ ಹೊರಗೆ ಬೀಳಬೇಕೇ?

*

ಆ ವರ್ಷ ಅವನು ಕೋಣೆಯ ನೆಲಕ್ಕೆ ಹಾಸಲು ಎಣ್ಣೆ, ಬಣ್ಣ ಯಾವುದನ್ನೂ ಕಾಣದ ಬರೀ ಹಲಗೆ ತಂದಿದ್ದ. ಮನೆಯ ಗಾಳಿಗೆ ಹೊಂದಿಕೊಳ್ಳಲಿ ಎಂದು ಹದಿನೈದು ದಿನ ಕೋಣೆಯಲ್ಲೇ ಪೇರಿಸಿಟ್ಟ; ಗಂಡ, ಹೆಂಡತಿ, ಪುಟ್ಟ ಮಗಳು ಮೂವರೂ ಅಡುಗೆಮನೆಯಲ್ಲಿ ಮಲಗಿದರು. ಆಮೇಲೆ ಹಲಗೆ ಹಿಗ್ಗಲು ಗೋಡೆಯಂಚಿಗೆ ಬೆರಳಗಲ ಸಂದು ಬಿಟ್ಟು ಒಂದೊಂದಾಗಿ ಕೂರಿಸಿದ, ಮರಳು ಕಾಗದದಿಂದ ಉಜ್ಜಿ ಉಜ್ಜಿ ಮಗುವಿನ ಕೆನ್ನೆಯಷ್ಟು ನುಣುಪು ಮಾಡಿದ.

ವಾರ್ನಿಶ್ ಬಳಿದ ಮಧ್ಯಾಹ್ನ ಕಿಟಕಿ ಬಡಿದುಕೊಂಡಿತು. ಮುಚ್ಚಲು ಹೋದ ಆಕೆ ಕಾಲು ಒಳಗಿಟ್ಟಳೋ, ಇಡುವುದರಲ್ಲಿದ್ದಳೋ, ಹಿಂದಿನಿಂದ ಬಂದ ಅವನ ಕೂಗಿಗೆ ಎಲ್ಲ ಮರೆತೇಹೋಯಿತು.

"ತುಳಿದುಬಿಟ್ಯಲ್ಲೇ ಪುಣ್ಯಾತಗಿತ್ತಿ! ಹೋಗು, ನೋಡಬೇಡ. ಮತ್ತೆ ಬಳಿದ್ರೆ ತೇಪೆ ಕಾಣುತ್ತೆ."

ಒಣಗಿದ ಮೇಲೆ, ಆಕೆ ನೋಡುವ ಮೊದಲೇ, ಆ ಹೆಜ್ಜೆಯ ಮೇಲೆ ಬೀರು ಬಂತು. ಬಂದವರಿಗೆಲ್ಲ ಅವನದು ಒಂದೇ ಮಾತು: "ಬೀರು ಇಲ್ಯಾಕೆ ಅಂತೀರಾ? ನಮ್ಮವಳ ಕಾಲ್ಗುಣ!" ಹೋದ ತಿಂಗಳು ಹಾಸಿಗೆಯ ಪಕ್ಕ ಕೂತು ಆಕೆ, "ಆ ನೆಲದ ವಿಷಯ, ಕ್ಷಮಿಸಿಬಿಡಿ" ಅಂದಾಗ ಅವನು ಗೋಡೆಗೆ ಮುಖ ತಿರುಗಿಸಿದ್ದ. ಅಂದಿನಿಂದ ಆಕೆಗೆ ಊಟ ಸೇರಿರಲಿಲ್ಲ.

*

ಬೀರು ಜರುಗಿತು. ಅಣ್ಣನ ಕೈಯಲ್ಲೇ ಕೆಲಸ ಕಲಿತ ಮೈದುನ ಧೂಳು ಒರೆಸಿ ಮೊಣಕಾಲೂರಿದ.

"ಅತ್ತಿಗೆ, ಇಲ್ಲಿ ಬನ್ನಿ."

"ಬೇಡಪ್ಪ, ನಂಗೊತ್ತು."

"ಏನು ಗೊತ್ತು ನಿಮಗೆ? ಈ ಹೆಜ್ಜೆಗೆ ಕಿರುಬೆರಳೇ ಇಲ್ಲ!"

ಆಕೆ ಬಗ್ಗಿ ನೋಡಿದಳು. ಮೊರದಗಲದ ಪಾದ. ಉಳಿಯೇಟಿಗೆ ಕಿರುಬೆರಳು ಕಳೆದುಕೊಂಡ ಆ ಕಾಲು ಅಲ್ಲೇ, ಬಿಳಿ ಬಟ್ಟೆಯ ಆಚೆ ಕಾಣುತ್ತಿತ್ತು. ಹೆಜ್ಜೆ ಬಾಗಿಲ ಕಡೆಗೆ ಮುಖ ಮಾಡಿತ್ತು.

"ಅಯ್ಯೋ ಅಣ್ಣಾ! ದೂರದ ಗೋಡೆಯಿಂದ ಶುರುಮಾಡಿ ಬಾಗಿಲಿಗೆ ಬರ್ಬೇಕು ಅಂತ ನಮ್ಮ ತಲೆ ಮೊಟಕಿ ಕಲಿಸಿದವನು, ತಾನೇ ಬಾಗಿಲಿಂದ ಶುರುಮಾಡಿ ಮೂಲೇಲಿ ಸಿಕ್ಕಾಕ್ಕೊಂಡಿದಾನೆ! ಅಲ್ಲಿಂದ ಬಾಗಿಲಾಚೆಗೆ ಹಾರುವಾಗ ಇಲ್ಲಿ ಕಾಲೂರಿದಾನೆ!"

ನಾಲ್ವರಲ್ಲೊಬ್ಬ ಕೆಮ್ಮಿದಂತೆ ಮಾಡಿ ನಕ್ಕ. ಆಕೆಗೆ ಮೊದಲು ಬಂದದ್ದು ಸಿಟ್ಟು, ಆ ಕಾಲು ಹಿಡಿದು ಅಲ್ಲಾಡಿಸಿ ಎಬ್ಬಿಸಬೇಕು ಎನ್ನುವಷ್ಟು. ಆಮೇಲೆ ಉಸ್ಸೆಂದು ಉಸಿರುಬಿಟ್ಟಳು. ಎದೆ ಹಗುರವಾಯಿತು.

"ಗೋಡೆ ಕಡೆ ತಿರುಗಿದ್ದು ಇದಕ್ಕಾ? ನಾಚಿಕೆ ಆಯ್ತಾ ಕಳ್ಳಂಗೆ!" ಎಂದು ನಗುತ್ತಲೇ ಅತ್ತಳು.

ಮಗಳು ಹೆಜ್ಜೆಯ ಮೇಲೆ ಚಾಪೆ ಹಾಸಲು ಬಂದಳು.

"ಬೇಡ ಬಿಡೇ. ಬಂದವರೆಲ್ಲ ನೋಡ್ಲಿ."

ನಾಲ್ವರೂ ಅವನನ್ನು ಎತ್ತಿ, ಹೆಜ್ಜೆ ತುಳಿಯದಂತೆ ಬಳಸಿಕೊಂಡು ಬಾಗಿಲು ದಾಟಿದರು. ಆಕೆ ತನ್ನ ಬಲಗಾಲನ್ನು ಮೆಲ್ಲಗೆ ಆ ಹೆಜ್ಜೆಯೊಳಗೆ ಇಟ್ಟಳು. ಸುತ್ತಲೂ ಬೆರಳಗಲ ಸಂದು ಉಳಿಯಿತು.