ಬೆನ್ನು ತಿರುಗಿಸಿ ಕೂತವಳು

ಇವತ್ತಿಗೂ ಉಣ್ಣೆಯ ವಾಸನೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಕುದುರೆ.

ಅಮ್ಮ ತೀರಿಕೊಂಡ ಮರುವರ್ಷ ಅಪ್ಪ ಚಿಕ್ಕಮ್ಮನನ್ನು ಮದುವೆಯಾಗಿ ಕರೆತಂದರು. ಅದೇ ವಾರ, ಯಾರನ್ನೂ ಹತ್ತಿರ ಸೇರಿಸದ ಕಂದು ಕುದುರೆಯೊಂದೂ ನಮ್ಮ ಲಾಯಕ್ಕೆ ಬಂತು. ಚಿಕ್ಕಮ್ಮನ ಜೊತೆ ನಾನು ಮಾತೇ ಆಡುತ್ತಿರಲಿಲ್ಲ. ಆ ಕುದುರೆ ಅವಳ ಕೈ ಕಚ್ಚಲಿ ಎಂದು ಕಾಯುತ್ತಿದ್ದೆ.

ಕುದುರೆ ಪಳಗಿಸುವುದು ಅವಳ ತವರಿನ ಕಸುಬು. ಆದರೆ ಅವಳು ಮಾಡುತ್ತಿದ್ದುದಾದರೂ ಏನು? ಬೇಲಿಯೊಳಗೆ ಬಕೆಟ್ ಬೋರಲು ಹಾಕಿ, ಕುದುರೆಗೆ ಬೆನ್ನು ತಿರುಗಿಸಿ ಕೂತು ಸ್ವೆಟರ್ ಹೆಣೆಯುವುದು!

“ಏನೇ ಇದು, ಕುದುರೆ ಪಳಗಿಸ್ತಿದ್ದೀಯೋ, ಉಣ್ಣೆ ಪಳಗಿಸ್ತಿದ್ದೀಯೋ?” ಎಂದು ಅಪ್ಪ ಛೇಡಿಸಿದರು.

“ಹತ್ರ ಬರ್ಬೇಕು ಅಂತ ಅದಕ್ಕೇ ಅನ್ನಿಸ್ಲಿ ಬಿಡಿ. ನಾವು ಮೇಲೆ ಬಿದ್ದು ಹೋದ್ರೆ ಇನ್ನೂ ದೂರ ಹೋಗುತ್ತೆ,” ಎಂದಳು ಚಿಕ್ಕಮ್ಮ.

ಒಂದು ಮಧ್ಯಾಹ್ನ ಕುದುರೆ ತಾನಾಗಿ ಬಂದು ಅವಳ ಹೆಗಲಿಗೆ ಗದ್ದ ಊರಿ, ದೊಡ್ಡದೊಂದು ಉಸಿರು ಬಿಟ್ಟಿತು. ಅಂದಿನಿಂದ ಅವಳು ಹಗ್ಗ ಸಡಿಲ ಬಿಟ್ಟು ನಡೆದರೆ ಅದೂ ನಡೆಯುತ್ತಿತ್ತು, ಅವಳು ನಿಂತರೆ ನಿಲ್ಲುತ್ತಿತ್ತು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ನನಗೆ ಹೊಟ್ಟೆ ಉರಿಯುತ್ತಿತ್ತು.

ಕೊನೆಗೊಂದು ದಿನ ತಡೆಯಲಾಗದೆ ಬೇಲಿ ನುಸುಳಿ, ಬಕೆಟ್ ಮೇಲೆ ಕೂತಿದ್ದ ಅವಳ ಬೆನ್ನ ಹಿಂದೆ ಹೋಗಿ ನಿಂತೆ. ಚಿಕ್ಕಮ್ಮ ತಿರುಗಿ ನೋಡಲಿಲ್ಲ. ಹೆಣೆದು ಮುಗಿಸಿದ್ದ ಸ್ವೆಟರನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು.

“ತೋಳು ಸರಿಯಾಗಿದ್ಯಾ ನೋಡ್ಕೋ.”

ಒಂದು ದಿನವೂ ಅವಳ ಹತ್ತಿರ ಸುಳಿಯದ ನನ್ನ ಮೈಗೆ ಅದು ಅಳೆದು ಹೆಣೆದ ಹಾಗೆ ಕೂತಿತು.