ಎಡಗಿವಿಗೆ ಹೇಳಿದ್ದು

ಬಲಗಿವಿಯ ಸುತ್ತಲಿನ ಕೂದಲಿಗೆ ಬಣ್ಣ ಹಚ್ಚಿ ಮುಗಿದಿತ್ತು. ಬಟ್ಟಲಲ್ಲಿ ಕಲಸಿದ ಕರಿ ಬಣ್ಣ ಗಟ್ಟಿಯಾಗುವ ಮೊದಲೇ ಎಡಗಡೆ ಮುಗಿಸಬೇಕೆಂದು ಅವಳು ಬ್ರಶ್ಶನ್ನು ಅದ್ದಿ, ಗಂಡನ ತಲೆಯನ್ನು ಎರಡು ಬೆರಳಿನಿಂದ ಆಚೆ ವಾಲಿಸಿದಳು. ಅವನು ಹೆಗಲಿಗೆ ಹಳೇ ಟವೆಲು ಹೊದ್ದು, ಬಾಲ್ಕನಿಯ ಹಸಿರು ಕುರ್ಚಿಯಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಬಲಗಿವಿಗೆ ಹತ್ತಿ ತುರುಕಿತ್ತು. ಎಡಗಿವಿ ಬರಿದಾಗಿತ್ತು. ಕೇಳಿಸದ ಕಿವಿಯೊಳಗೆ ಬಣ್ಣ ಹೋದರೆ ಹಾಳಾಗುವುದೇನಿದೆ ಎಂದು ಮೊದಲ ಸಲ ಅವನೇ ತಮಾಷೆ ಮಾಡಿದ್ದ. ಅವತ್ತಿನಿಂದ ಅದೇ ರೂಢಿ.

ಬೇರೆ ಭಾನುವಾರವಾಗಿದ್ದರೆ ಇಷ್ಟು ಹೊತ್ತಿಗೆ ಅವಳ ಬಾಯಿ ಶುರುವಾಗಿರುತ್ತಿತ್ತು. ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಬಂದ ಒಂದು ಜ್ವರ ಅವನ ಎಡಗಿವಿಯನ್ನು ಕೊಂಡೊಯ್ದಿತ್ತು. ಆಮೇಲೆ ಆ ಕಿವಿ ಅವಳದಾಯಿತು. ಬಲಗಿವಿಗೆ ಹತ್ತಿ ಇಟ್ಟ ಮೇಲೆ, ಎಡಗಡೆಗೆ ಬಾಗಿ, ಬ್ರಶ್ಶು ಆಡಿಸುತ್ತಾ ಅವಳು ಪಿಸುಗುಡುತ್ತಿದ್ದಳು. ಅತ್ತೆ ಅಂದದ್ದು, ನಾದಿನಿ ಚುಚ್ಚಿದ್ದು, ಮಂಡಿ ನೋವು, ಬದುಕಿನ ಬೇಸರ. ಬಲಗಿವಿಗೆ 'ರೀ, ನೀವು' ಎನ್ನುವವಳು ಎಡಗಿವಿಗೆ 'ಲೋ, ನೀನು' ಎನ್ನುತ್ತಿದ್ದಳು. ಬೈದರೆ ತಿರುಗಿ ಬೈಯದ, ಅತ್ತರೆ ಗಾಬರಿಯಾಗದ, ಯಾರಿಗೂ ಚಾಡಿ ಹೇಳದ ಕಿವಿ. ಹತ್ತಿ ತೆಗೆದ ಮೇಲೆ ಅವನು ತಪ್ಪದೆ ಕೇಳುತ್ತಿದ್ದ, "ಏನಾದ್ರೂ ಅಂದ್ಯಾ?"

"ಏನಿಲ್ಲ" ಎನ್ನುತ್ತಿದ್ದಳು ಅವಳು. ಅಲ್ಲಿಗೆ ಸ್ನಾನಕ್ಕೆ ಬಿಸಿನೀರು.

ಇವತ್ತು ಮಾತ್ರ ಬ್ರಶ್ಶು ಓಡುತ್ತಿತ್ತು, ಬಾಯಿ ಓಡುತ್ತಿರಲಿಲ್ಲ. ಆ ಕಿವಿಯನ್ನು ಅವಳು ಅಪರಿಚಿತರ ಮನೆಯ ಕಿಟಕಿ ನೋಡುವ ಹಾಗೆ ನೋಡುತ್ತಿದ್ದಳು. ಒಳಗೆ ಯಾರಾದರೂ ನಿಂತಿದ್ದಾರೆಯೆ?

ಈ ಸಂಶಯ ಹುಟ್ಟಿದ್ದು ನಟನೆಯ ತರಗತಿಯಲ್ಲಿ.

ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯ ಎದುರಿಗೇ, ಟೈರು ಅಂಗಡಿಯ ಮಹಡಿಯ ಮೇಲೆ ಆ ತರಗತಿ. 'ದೊಡ್ಡವರಿಗೆ ನಟನೆ, ಶನಿವಾರ ಸಂಜೆ, ಅನುಭವ ಬೇಡ' ಎಂಬ ಬೋರ್ಡನ್ನು ಮೂರು ತಿಂಗಳು ಕಣ್ಣೆತ್ತಿ ನೋಡಿ, ಒಂದು ದಿನ ಮೆಟ್ಟಿಲು ಹತ್ತಿಬಿಟ್ಟಿದ್ದಳು. ಯಾಕೆ ಎಂದರೆ ಅವಳಿಗೂ ಗೊತ್ತಿರಲಿಲ್ಲ. ದಿನವಿಡೀ ಬೇರೆಯವರ ಮೂಗಿನ ಮೇಲೆ ಚೌಕಟ್ಟು ಕೂರಿಸಿ "ಸರಿಯಾಗಿ ಕಾಣ್ತಿದೆಯಾ?" ಎಂದು ಕೇಳುವವಳಿಗೆ, ತಾನೂ ಒಮ್ಮೆ ಕಾಣಿಸಬೇಕು ಅನ್ನಿಸಿತೋ ಏನೋ.

"ಈ ವಯಸ್ಸಲ್ಲಿ ನಾಟಕಾನಾ ಅಮ್ಮಾ!" ಎಂದು ಮಗಳು ಫೋನಿನಲ್ಲಿ ನಕ್ಕಿದ್ದಳು. ಗಂಡ ಮಾತ್ರ ಉಳಿಗೆ ಸಾಣೆ ಹಿಡಿಯುತ್ತಾ, "ಹೋಗು. ಮನೇಲಿ ಒಬ್ಬರಾದರೂ ಮಾತಾಡೋದು ಕಲೀಲಿ" ಅಂದಿದ್ದ. ಪೀಠೋಪಕರಣದ ಕಾರ್ಖಾನೆಯಲ್ಲಿ ಬಡಗಿ ಅವನು. ಮರದ ಜೊತೆ ಇದ್ದೂ ಇದ್ದೂ ಮಾತು ಕಮ್ಮಿ.

ಹೋದ ವಾರದ ಶನಿವಾರ ಕಲಿಸುವ ಮೇಡಂ ಒಂದು ಆಟ ಆಡಿಸಿದರು. ಒಬ್ಬೊಬ್ಬರೂ ತಮ್ಮ ಬದುಕಿನದು ಅಂತ ಎರಡು ಕತೆ ಹೇಳಬೇಕು. ಒಂದು ನಡೆದದ್ದು, ಒಂದು ಕಟ್ಟಿದ್ದು. ಉಳಿದವರು ನಿಜ ಯಾವುದು ಅಂತ ಕೈ ಎತ್ತಬೇಕು. "ಆದರೆ ನೆನಪಿಡಿ, ಕೈ ಎತ್ತಿದ ಮೇಲೂ ನೀವು ಬಾಯಿ ಬಿಡೋ ಹಾಗಿಲ್ಲ. ಯಾವುದು ಸುಳ್ಳು ಅನ್ನೋದು ನಿಮ್ಮ ಜೊತೆನೇ ಮನೆಗೆ ಹೋಗ್ಬೇಕು. ಅದೇ ಈ ತರಗತಿಯ ಕಟ್ಟಳೆ."

ಅವಳು ಮೊದಲು ನಡೆದದ್ದನ್ನು ಹೇಳಿದಳು. ಚಿಕ್ಕವಳಿದ್ದಾಗ ತಪ್ಪು ರೈಲು ಹತ್ತಿ, ಗಾರ್ಡಿನ ಡಬ್ಬಿಯಲ್ಲಿ ಪಾರ್ಸೆಲುಗಳ ಜೊತೆ ವಾಪಸು ಬಂದದ್ದು. ಎರಡನೆಯದು ತಕ್ಷಣಕ್ಕೆ ಹೊಳೆಯಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ನಮ್ಮನೆಯವರಿಗೆ ಒಂದು ಕಿವಿ ಕೇಳಿಸಲ್ಲ ಅಂತ ಎಲ್ಲರೂ ತಿಳ್ಕೊಂಡಿದಾರೆ. ಅದು ನಾಟಕ. ಎಲ್ಲಾ ಕೇಳಿಸತ್ತೆ. ನಾನು ಹೇಳೋದನ್ನೆಲ್ಲಾ ಕೇಳಿಸ್ಕೊಂಡು, ಕೇಳಿಸದವರ ಹಾಗೆ ಕೂತಿರ್ತಾರೆ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಎಲ್ಲರೂ, ಒಬ್ಬರೂ ಬಿಡದೆ, ಕಿವಿಯ ಕತೆಯೇ ನಿಜ ಎಂದು ಕೈ ಎತ್ತಿದರು.

"ಇದು ನಿಜ ಬಿಡಿ ಅಕ್ಕಾ, ರೈಟ್ ರೈಟ್!" ಅಂದ ನಿವೃತ್ತ ಬಸ್ ಕಂಡಕ್ಟರು. ಮಾತು ಮುಗಿಸುವಾಗೆಲ್ಲ ಹಾಗನ್ನುತ್ತಾನೆಂದು ಅವನ ಹೆಸರೇ ರೈಟ್‌ರೈಟ್ ಆಗಿತ್ತು. "ನನಗೂ ಮನೇಲಿ ಆಗಾಗ ಎರಡೂ ಕಿವಿ ಹೋಗುತ್ತೆ."

ಮೇಡಂ ಮಾತ್ರ ನಗಲಿಲ್ಲ. "ರೈಲಿನ ಕತೆ ಹೇಳುವಾಗ ನಿಮ್ಮ ಕಾಲು ಸುಮ್ಮನಿತ್ತು. ಕಿವಿಯ ಕತೆಗೆ ಚಪ್ಪಲಿಯೊಳಗೆ ಬೆರಳು ಮಡಚಿಕೊಂಡಿರಿ. ಮುಖಕ್ಕೆ ನಟನೆ ಕಲಿಸಬಹುದು. ಕಾಲ್ಬೆರಳಿಗೆ ಕಲಿಸೋಕೆ ನನ್ನಿಂದಲೂ ಆಗಿಲ್ಲ."

ಕಟ್ಟಳೆಯಂತೆ ಅವಳು ಬಾಯಿ ಬಿಡಲಿಲ್ಲ. ಸುಳ್ಳನ್ನು ಕಟ್ಟಿಕೊಂಡು ಮನೆಗೆ ನಡೆದಳು. ದಾರಿ ಅರ್ಧ ಆಗುವಷ್ಟರಲ್ಲಿ ಅದು ಸುಳ್ಳಿನ ಹಾಗೆ ಕಾಣಿಸಲಿಲ್ಲ.

ಆ ವಾರವೆಲ್ಲ ಅವಳು ಗಂಡನ ಹಿಂದೆ ಬಿದ್ದಳು. ನಿನ್ನೆ, ಶನಿವಾರ, ತರಗತಿಗೂ ರಜೆ ಇತ್ತು. ಅವನ ಎಡಗಡೆ ನಿಂತು ಸ್ಟೀಲಿನ ಚಮಚ ಬೀಳಿಸಿದಳು. ಅವನು ತಿರುಗಿದ. ಬಲಗಿವಿಗೆ ಕೇಳಿಸಿರಬೇಕು. ಎಡಗಡೆಯಿಂದ ಬಂದು ಮೆಲ್ಲಗೆ ಕರೆದಳು. ತಿರುಗಲಿಲ್ಲ. ಆದರೆ ತಿರುಗದೆ ಇರುವವನ ಕುತ್ತಿಗೆ ಅಷ್ಟು ಬಿಗಿಯಾಗಿರಬೇಕಾ? ಟೀವಿಯ ಸದ್ದು ಕೊಂಚ ಕೊಂಚ ಇಳಿಸಿದಳು.

"ಏನೇ, ಟೀವಿಗೆ ನೆಗಡಿಯಾ?" ಅಂದ ಅವನು.

"ನಿಮಗೆ ಕೇಳಿಸುತ್ತಾ ಅಂತ ನೋಡ್ದೆ."

"ಒಂದು ಕಿವಿ ಇದೆಯಲ್ಲ. ನಿಮ್ಮಪ್ಪ ಎರಡಿವೆ ಅಂತ ನೋಡೇ ಹೆಣ್ಣು ಕೊಟ್ಟದ್ದು, ಪಾಪ." ಹೀಗಂದು ನಕ್ಕ. ಆ ನಗುವನ್ನೂ ಅವಳು ಬೆಳಕಿಗೆ ಹಿಡಿದು, ಗಾಜಿನ ಮೇಲಿನ ಗೀರು ಹುಡುಕುವ ಹಾಗೆ ಹುಡುಕಿದಳು.

ಅಂಗಡಿಗೆ ಕನ್ನಡಕದ ಆಸೆಗೆ ಕಣ್ಣು ಕಾಣಿಸುವುದಿಲ್ಲ ಎನ್ನುವ ಮಕ್ಕಳು ಬರುತ್ತಾರೆ. ಅವಳು ಸಾದಾ ಗಾಜು ಹಾಕಿ, "ಈಗ?" ಎನ್ನುತ್ತಾಳೆ. ಮಗು ಕೊನೆಯ ಸಾಲಿನವರೆಗೆ ಗಡಗಡ ಓದಿಬಿಡುತ್ತದೆ. ಎಷ್ಟು ಮಕ್ಕಳನ್ನು ಹಿಡಿದಿಲ್ಲ ಅವಳು! ಮನೆಯಲ್ಲಿ ಒಬ್ಬ ದೊಡ್ಡ ಮನುಷ್ಯ ಇಷ್ಟು ಕಾಲ ಕಣ್ಣಿಗೆ ಮಣ್ಣೆರಚಿದ್ದಾನೆಯೇ? ಕಣ್ಣಿಗಾದರೆ ಸಾದಾ ಗಾಜಿದೆ. ಕಿವಿಗೆ ಏನು ಹಾಕುವುದು?

ಉತ್ತರ ಸಿಕ್ಕಿದ್ದು ಈಗ, ಬ್ರಶ್ಶು ಹಿಡಿದು ನಿಂತಾಗ. ಬಲಗಿವಿಗೆ ಹತ್ತಿ ಇದ್ದೇ ಇದೆ. ಅವನು ಬರಿಗಾಲಿನಲ್ಲಿ ಕೂತಿದ್ದಾನೆ.

ಅವಳು ಬಾಗಿದಳು. ಬಾಯಿ ಎಡಗಿವಿಯ ಹತ್ತಿರ, ಕಣ್ಣು ನೆಲದ ಮೇಲೆ. ದನಿ ಎಂದಿನಂತೆಯೇ ಇರಬೇಕು. ತರಗತಿಯಲ್ಲಿ ಕಲಿತ ಉಸಿರನ್ನೆಲ್ಲ ಒಟ್ಟು ಮಾಡಿ, ಏನೂ ಕಲಿಯದವಳ ಹಾಗೆ ಪಿಸುಗುಟ್ಟಿದಳು.

"ನೋಡೋ, ನೀನು ಕೂತಿದೀಯಲ್ಲ ಈ ಕುರ್ಚಿ, ಇದನ್ನ ನಾಳೆ ಗುಜರಿಯವನಿಗೆ ಹಾಕಿಬಿಡ್ತೀನಿ. ಬಾಲ್ಕನೀಲಿ ಜಾಗಾನೇ ಇಲ್ಲ."

ಕೆಲಸ ಕಲಿಯುವಾಗ ಅವನು ಸ್ವಂತ ಕೈಯಿಂದ ಮಾಡಿದ ಮೊದಲ ಕುರ್ಚಿ ಅದು. ಒಂದು ಕಾಲು ಕೊಂಚ ಗಿಡ್ಡ. ಮನೆ ಬದಲಿಸಿದಾಗಲೆಲ್ಲ ಮಂಚಕ್ಕಿಂತ ಮೊದಲು ಲಾರಿ ಹತ್ತಿದ್ದು.

ಅವನ ಮುಖ ಕದಲಲಿಲ್ಲ. ರೆಪ್ಪೆ ಬಡಿಯಲಿಲ್ಲ. ಕೆಳಗೆ, ಎಡಗಾಲು ಮೆಲ್ಲಗೆ ಹಿಂದಕ್ಕೆ ಸರಿದು, ಅದರ ಹೆಬ್ಬೆರಳು ಕುರ್ಚಿಯ ಗಿಡ್ಡ ಕಾಲನ್ನು ಅಪ್ಪಿ ಹಿಡಿಯಿತು.

ಅವಳ ಕೈಯ ಬ್ರಶ್ಶು ನಿಂತಿತು. ಒಂದು ಹನಿ ಬಣ್ಣ ಟವೆಲಿನ ಮೇಲೆ ಬಿತ್ತು.

ಕಳ್ಳ! ಎಷ್ಟು ಭಾನುವಾರ! ಏನೆಲ್ಲ ಹೇಳಿದ್ದೇನೆ! ನಿಮ್ಮಮ್ಮನ ನಾಲಿಗೆಗೆ ಸುಣ್ಣ ಹಚ್ಚಬೇಕು ಅಂದಿದ್ದೆ. ನಿನ್ನ ಗೊರಕೆಗೆ ದಿಂಬು ಒತ್ತಿಬಿಡಬೇಕು ಅನ್ನಿಸುತ್ತೆ ಅಂದಿದ್ದೆ. ಮದುವೆಗೆ ಮೊದಲು ನೋಡೋಕೆ ಬಂದಿದ್ದ ಆ ಪೋಸ್ಟ್‌ಮನ್ನನ್ನೇ ಒಪ್ಪಬೇಕಿತ್ತು, ದಿನಾ ನಾಲ್ಕು ಮನೆ ಸುದ್ದಿಯಾದರೂ ತರುತ್ತಿದ್ದ ಅಂದಿದ್ದೆ. ಎಲ್ಲವನ್ನೂ ನುಂಗಿಕೊಂಡು, "ಏನಾದ್ರೂ ಅಂದ್ಯಾ?" ಅಂತ ಕೇಳುತ್ತಾನಲ್ಲ, ಎಂಥ ನಟ! ತರಗತಿಗೆ ತಾನಲ್ಲ, ಇವನು ಹೋಗಬೇಕಿತ್ತು, ಅದೂ ಕಲಿಸೋಕೆ.

ಯಾವಾಗ ವಾಪಸು ಬಂತು ಈ ಕಿವಿ? ಜ್ವರ ಬಿಟ್ಟ ಮೇಲೆ ನಿಧಾನವಾಗಿ ಬಂದಿರಬೇಕು. ಬಂದ ದಿನ ಹೇಳಬೇಕೆಂದಿದ್ದನೋ? ಅಷ್ಟರಲ್ಲಿ ನಾನು ಹೇಳಬಾರದ್ದನ್ನೆಲ್ಲ ಹೇಳಲು ತೊಡಗಿದ್ದೆನಲ್ಲ, ನಡುವೆ ಕೈಯೆತ್ತಿ "ನನಗೆ ಕೇಳಿಸ್ತಿದೆ" ಅನ್ನಲು ನಾಚಿದನೋ? ಇಲ್ಲ, ಕೇಳಿಸದಿದ್ದರೆ ಉತ್ತರ ಕೊಡುವ ಗೋಜಿಲ್ಲ ಎಂದು ಸುಮ್ಮನಾದನೋ? ಎರಡೂ ನಿಜವಿರಬಹುದು ಅನ್ನಿಸಿ ಸಿಟ್ಟು ಇನ್ನೂ ಏರಿತು.

"ಯಾಕೆ ನಿಲ್ಲಿಸ್ದೆ? ಬಣ್ಣ ಮುಗೀತಾ?" ಅವನು ಮುಂದೆ ನೋಡುತ್ತಲೇ ಜೋರಾಗಿ ಕೇಳಿದ, ಕಿವಿ ಕಟ್ಟಿದವರು ಕೇಳುವ ಹಾಗೆ. ಎಷ್ಟು ಅಚ್ಚುಕಟ್ಟು!

"ಟವೆಲು ಹಾಳಾಯ್ತು. ಇನ್ನೊಂದು ತರ್ತೀನಿ" ಎಂದು ಅವಳೂ ಜೋರಾಗಿಯೇ ಹೇಳಿ ಒಳಗೆ ಹೋದಳು.

ಹಳೇ ಬಟ್ಟೆಗಳೆಲ್ಲ ಅಡುಗೆಮನೆಯ ಅಟ್ಟದಲ್ಲಿ. ಮೂಲೆಯ ಮೆಟ್ಟಿಲ ಸ್ಟೂಲನ್ನು ಎಳೆದು ಹತ್ತಿದಳು. ಹತ್ತಿದವಳು ಅಲ್ಲೇ ನಿಂತಳು. ಅಟ್ಟಕ್ಕೆ ಕೈ ಎಟುಕುವುದಿಲ್ಲ ಎಂದು ಒಮ್ಮೆ ಎಡಗಿವಿಗೆ ಗೊಣಗಿದ್ದಳು. ಮರುವಾರ ಈ ಸ್ಟೂಲು ಬಂದಿತ್ತು. "ಹಲಗೆ ಮಿಕ್ಕಿತ್ತು" ಅಂದಿದ್ದ. ಅವನು ಏನೇ ತಂದರೂ ಅದೇ ಮಾತು. ಕಿಟಕಿಗೆ ಕೂತುಕೊಳ್ಳುವ ಕಟ್ಟೆ, ಮಂಡಿ ನೋವಿಗೆ ಬಚ್ಚಲಲ್ಲಿ ಹಿಡಿಕೆ. ಕಾರ್ಖಾನೆಯಲ್ಲಿ ಇಷ್ಟೊಂದು ಹಲಗೆ ಮಿಗುವುದಾದರೆ ಯಜಮಾನ ಇಷ್ಟು ಹೊತ್ತಿಗೆ ಬಾಗಿಲು ಹಾಕಬೇಕಿತ್ತಲ್ಲ ಎಂದು ತನಗೆ ಒಮ್ಮೆಯೂ ಸಂಶಯ ಬರಲಿಲ್ಲವೇ?

ಟವೆಲಿಗೆ ಕೈ ಚಾಚಿದಾಗ ಬೆರಳಿಗೆ ತಗುಲಿದ್ದು ಸೂಟ್‌ಕೇಸಿನ ಹಿಡಿ.

ಅದು ಮರದ ಹಿಡಿ. ಮಗಳು ಶಾಲೆ ಮುಗಿಸಿದ ವರ್ಷ, ಇದೇ ಬಾಲ್ಕನಿಯಲ್ಲಿ, ಇದೇ ಕಿವಿಗೆ ಅವಳು ಹೇಳಿದ್ದಳು. "ಬರೋ ವಾರ ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ ಕಣೋ. ಗೋಡೆ ಜೊತೆ ಸಂಸಾರ ಮಾಡಿ ಸಾಕಾಯ್ತು." ಹತ್ತಿ ತೆಗೆದ ಮೇಲೆ ಬಲಗಿವಿಗೆ ಹೇಳಿದ್ದು ಬೇರೆ. "ಅಕ್ಕನಿಗೆ ಹುಷಾರಿಲ್ಲ ಕಣ್ರೀ, ನಾಲ್ಕು ದಿನ ಹೋಗ್ಬರ್ತೀನಿ." ಹೊರಡುವ ಹಿಂದಿನ ಸಂಜೆ ಸೂಟ್‌ಕೇಸು ಅಟ್ಟದಿಂದ ಇಳಿದು ಬಾಗಿಲ ಪಕ್ಕ ನಿಂತಿತ್ತು. ಮುರಿದ ಪ್ಲಾಸ್ಟಿಕ್ ಹಿಡಿಯ ಜಾಗದಲ್ಲಿ ಹೊಸ ಮರದ ಹಿಡಿ. ಸಿಬಿರು ಏಳದ ಹಾಗೆ ಉಜ್ಜಿ ಉಜ್ಜಿ ನುಣುಪು ಮಾಡಿ, ಅವಳ ಬೆರಳುಗಳಿಗೆ ಸರಿಯಾಗಿ ಒಳಗಡೆ ತಗ್ಗು ಕೊಟ್ಟಿದ್ದ.

"ಹಲಗೆ ಮಿಕ್ಕಿತ್ತು" ಅಂದಿದ್ದ.

ಅವಳು ಸ್ಟೂಲಿನ ಮೇಲೆ ನಿಂತೇ ಆ ತಗ್ಗಿನಲ್ಲಿ ಬೆರಳಿಟ್ಟಳು. ಗೊತ್ತಿದ್ದೇ ಮಾಡಿದ್ದ. ಹೋಗಲಿ, ಪೀಡೆ ತೊಲಗಲಿ ಎಂದೇ? ಅಥವಾ ಹೋಗುವವಳ ಕೈ ನೋಯದಿರಲಿ ಎಂದೇ? ಮನಸ್ಸು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿತು. ಕೇಳಿದರೆ ಹೇಳುತ್ತಾನೆಯೇ? ಹೇಳಿದರೂ, ಇಂಥ ನಟನ ಮಾತನ್ನು ನಂಬುವುದು ಹೇಗೆ?

ಅವಳು ಐದನೆಯ ದಿನವೇ ವಾಪಸು ಬಂದಿದ್ದಳು. ಮಗಳ ಕಾಲೇಜು ಸೇರಿಸುವ ಕೆಲಸ ಇದೆ ಎಂದು ಎಲ್ಲರಿಗೂ ಹೇಳಿದ್ದಳು. ನಡೆದದ್ದು ಬೇರೆ. ಭಾವ ಆ ಸೂಟ್‌ಕೇಸು ಎತ್ತಿ, "ಇದೇನಿದು, ಗರಗಸದ ಹಿಡಿ ಥರ! ಕಿತ್ತು ಬಿಸಾಕಿ ಅಂಗಡೀದು ಹಾಕಿಸ್ತೀನಿ ಬಿಡು" ಎಂದು ಸ್ಕ್ರೂಡ್ರೈವರ್ ತಂದಿದ್ದ. "ಅದನ್ನ ಮುಟ್ಟಬೇಡಿ ಭಾವಾ!" ಎಂದು ಅವಳು ಕಿರುಚಿಬಿಟ್ಟಿದ್ದಳು. ಯಾಕೆ ಹಾಗೆ ಕಿರುಚಿದೆ ಎಂದು ಅವಳಿಗೇ ತಿಳಿದಿರಲಿಲ್ಲ. ಮರುದಿನದ ಬಸ್ಸಿಗೆ ಹೊರಟಿದ್ದಳು. ಆ ಮಾತನ್ನು ಮಾತ್ರ ಬಲಗಿವಿಗೂ ಹೇಳಿರಲಿಲ್ಲ, ಎಡಗಿವಿಗೂ ಹೇಳಿರಲಿಲ್ಲ. ಎಲ್ಲ ಕೇಳಿಸಿಕೊಂಡವನು ಅದೊಂದನ್ನು ಕೇಳದೆ ಇಷ್ಟು ವರ್ಷ ಕೂತಿದ್ದಾನೆ. ಇವಳು ಯಾಕೆ ತಿರುಗಿ ಬಂದಳು, ಮತ್ತೆ ಯಾವಾಗ ಹೊರಡುತ್ತಾಳೆ ಎಂದು ಅವನಿಗೂ ಸಂಶಯ ಇರಲಾರದೇ?

"ಏನೇ, ಟವೆಲು ನೇಯ್ತಿದೀಯಾ?" ಬಾಲ್ಕನಿಯಿಂದ ದನಿ ಬಂತು.

"ಬಂದೆ ರೀ."

ಟವೆಲು ಬದಲಿಸಿದಳು. ಎಡಗಡೆ ಉಳಿದ ಬಿಳಿ ಎಳೆಗಳನ್ನು ಒಂದೊಂದಾಗಿ ಮುಚ್ಚಿದಳು. ಹೆಬ್ಬೆರಳು ಇನ್ನೂ ಕುರ್ಚಿಯ ಕಾಲನ್ನು ಬಿಟ್ಟಿರಲಿಲ್ಲ. ಕೊನೆಗೆ ಹತ್ತಿ ತೆಗೆದಳು.

"ಏನಾದ್ರೂ ಅಂದ್ಯಾ?"

ಅವಳು ಅವನ ಮುಖವನ್ನು ದಿಟ್ಟಿಸಿದಳು. ಏನೂ ತಿಳಿಯದ, ಮಗುವಿನಂಥ ಮುಖ. ಕೆನ್ನೆಗೊಂದು ಬಾರಿಸಬೇಕು ಅನ್ನಿಸುವಂಥ ಮುಖ.

"ಏನಿಲ್ಲ" ಅಂದಳು.

ಅವನು ಎದ್ದು ಸ್ನಾನಕ್ಕೆ ಹೋಗುವ ಮುನ್ನ, ಸುಮ್ಮನೆ ಎಂಬಂತೆ ಹಸಿರು ಕುರ್ಚಿಯನ್ನು ಎತ್ತಿಕೊಂಡು ಒಳಗೆ ಹೋದ. "ಬಿಸಿಲಿಗೆ ಬಣ್ಣ ಏಳುತ್ತೆ" ಅಂತ ಗೊಣಗಿದ್ದು ಕೇಳಿಸಿತು.

ಅವಳು ಬಟ್ಟಲು ತೊಳೆಯುತ್ತಾ ನಿಂತಳು. ಕರಿ ನೀರು ಸುತ್ತಿ ಸುತ್ತಿ ಸಿಂಕಿನ ತೂತಿಗೆ ಇಳಿಯಿತು. ಬರುವ ಶನಿವಾರ ರೈಟ್‌ರೈಟ್ "ಅಕ್ಕಾ, ಅದು ನಿಜಾನೇ ತಾನೆ?" ಎಂದು ಖಂಡಿತ ಪೀಡಿಸುತ್ತಾನೆ. ಕಟ್ಟಳೆ ಇದೆಯಲ್ಲ, ಬಾಯಿ ಬಿಡುವುದಿಲ್ಲ. ಮಗಳಿಗೂ ಹೇಳುವುದಿಲ್ಲ. ಇವನನ್ನೂ ಕೇಳುವುದಿಲ್ಲ.

ಮತ್ತೆ ಬಿಳಿ ಕೂದಲು ಇಣುಕುವ ಹೊತ್ತಿಗೆ ಬಲಗಿವಿಗೆ ಎಂದಿನಂತೆ ಹತ್ತಿ ಇಡುತ್ತೇನೆ. ಎಡಗಡೆಗೆ ಬಾಗಿ, ಭಾವನ ಸ್ಕ್ರೂಡ್ರೈವರಿನ ಕತೆ ಹೇಳುತ್ತೇನೆ. ತರಗತಿಯಲ್ಲಿ ಕಲಿತದ್ದು ಯಾವುದೂ ಬೇಡ. ನಂಬುತ್ತಾನೋ, ಇವಳು ನಟನೆ ಕಲಿತವಳು ಎಂದು ಅನುಮಾನ ಪಡುತ್ತಾನೋ, ಅದು ಅವನ ಪಾಡು. 'ನೀನು' ಎಂದೇ ಹೇಳುತ್ತೇನೆ.

ಬಟ್ಟಲನ್ನು ಬೋರಲು ಹಾಕಿ, ಹತ್ತಿಯ ಉಂಡೆಯನ್ನು ಡಬ್ಬಿಯೊಳಗಿಟ್ಟು ಮುಚ್ಚಳ ತಿರುಗಿಸಿದಳು.