ಪರದೆಯ ಕೆಳಗಿನ ಕಾಲು

ಉಟ್ಟ ಪಂಚೆಯ ಮೇಲೆಯೇ ಸುರಿದುಕೊಂಡ ಬಾವಿಯ ನೀರು ಹೃಷೀಕೇಶ ಭಟ್ಟರ ಮೊಣಕಾಲಿನಿಂದ ಇಳಿಯುತ್ತಿದೆ, ಎಷ್ಟು ಬೆಚ್ಚಗಿದೆ ಇದು, ಅಲ್ಲಿ ಸರ್ವೋತ್ತಮನ ಮೇಲೆ ಹಾಕಿದ ಮಣ್ಣು ಹಿಮಗಟ್ಟಿತ್ತಂತೆ — ತಮ್ಮ ಹೋಗಿ ವಾರವಾಯಿತೆಂದು ಅವನ ಹೆಂಡತಿ ಲ್ಯೂಬಾ ಫೋನಿನಲ್ಲಿ ಹೇಳಿದ್ದು ಈಗಷ್ಟೆ, ಕಡಿಯಾಳಿ ದೇವಸ್ಥಾನದ ಗಂಟೆ ಹೊಡೆಯುವಾಗ, ಸುದ್ದಿ ಕೇಳಿದವನಿಗೆ ಸ್ನಾನ, ಅದು ಸರಿ, ಆಮೇಲೆ? ಎಳ್ಳುನೀರು ಬಿಡಬೇಕೋ ಬೇಡವೋ, ನನಗೆ ಮಂತ್ರಗಿಂತ್ರ ಬೇಡ ಅಣ್ಣ ಎಂದಿದ್ದ, ಬಂದಾಗಲೆಲ್ಲ ಎಂದಿದ್ದ, ಸುಭಾಷಿಣಿ ಗಂಡನಿಗೆ ಒಣ ಪಂಚೆ ಹಿಡಿದು ನಿಂತವಳು, ಅವನೇ ಬೇಡ ಅಂದದ್ದಲ್ವಾ, ನೀವು ಹಟದಲ್ಲಿ ಬಿಟ್ಟರೆ ಮುಟ್ಟೀತಾ ಎನ್ನುತ್ತಾಳೆ, ಓದಲೆಂದು ಸೋವಿಯತ್ ದೇಶಕ್ಕೆ ಹೋದವನು ಅಲ್ಲಿಯೇ ಕಾರ್ಖಾನೆಯಲ್ಲಿ ಎಂಜಿನಿಯರಾದ, ಮದುವೆಯಾದ, ಒಂದು ಬೆಳಿಗ್ಗೆ ಏಳುವಾಗ ಆ ದೇಶವೇ ಒಡೆದು ಅವನ ಊರು ಮಾಲ್ಡೋವಾ ಎಂಬ ಹೊಸ ದೇಶದಲ್ಲಿತ್ತು, ಮನೆ ಅದೇ, ಬೀದಿ ಅದೇ, ಬಾವುಟ ಬೇರೆ, ಸಂಬಳ ಇಲ್ಲ — ಅದು ಹೇಗಿದ್ದೀತು? ಹಿಂದೆ ಕಮ್ಯುನಿಸ್ಟ್ ಪಕ್ಷದ ಕುರ್ಚಿಯಲ್ಲಿದ್ದವರೇ ಈಗ ಪ್ರಜಾಪ್ರಭುತ್ವದ ಕುರ್ಚಿಯಲ್ಲೂ ಕೂತಿದ್ದಾರೆ ಎಂದು ನಗುತ್ತಿದ್ದ, ತೊಂಬತ್ತೆಂಟರಲ್ಲಿ ಬಂದಾಗ ಇಲ್ಲಿ ಚುನಾವಣೆ, ಮೀನು ಮಾರುವ ಹೆಂಗಸು ಮತ ಹಾಕಲು ರಟ್ಟಿನ ಮರೆಗೆ ಹೋಗಿ ಬಂದದ್ದನ್ನೇ ಶಾಲೆಯ ಬಾಗಿಲ ಹೊರಗೆ ನಿಂತು ನೋಡಿದ, ಯಾರೂ ಅವಳ ಮುಖ ನೋಡುವುದಿಲ್ಲ ಅಲ್ವಾ ಅಣ್ಣ, ಅಲ್ಲಿ ನಮ್ಮಲ್ಲಿ ಹಿಂದೆ ಚೀಟಿಯಲ್ಲಿ ಒಂದೇ ಹೆಸರು, ಬಯಲಲ್ಲೇ ಪೆಟ್ಟಿಗೆಗೆ ಹಾಕುವುದು, ಪರದೆಯ ಒಳಗೆ ಹೋದವ ಆ ಹೆಸರನ್ನು ಹೊಡೆದುಹಾಕಲಿಕ್ಕೇ ಹೋದ ಎಂದು ಲೆಕ್ಕ, ಈಗ ಹತ್ತು ಹೆಸರುಂಟು, ಆದರೂ ಜನ ಪರದೆಗೆ ಹೆದರುತ್ತಾರೆ ಮಾರಾಯ.

ಲ್ಯೂಬಾ ಫೋನಿನಲ್ಲಿ ಹೇಳಿದ್ದು, ಅಲ್ಲಿಯ ಕಳೆದ ಚುನಾವಣೆಯಲ್ಲಿ ಕಾರ್ಖಾನೆಯ ಯಜಮಾನ ಪೆಟ್ಟಿಗೆಯ ಬಳಿಯೇ ನಿಂತಿದ್ದನಂತೆ, ಎಲ್ಲರೂ ಅವನೆದುರು ಮೇಜಿನ ಮೇಲೆ ಗುರುತು ಹಾಕುತ್ತಿದ್ದರಂತೆ, ಸರ್ವೋತ್ತಮನೊಬ್ಬ ಪರದೆ ಸರಿಸಿ ಒಳಗೆ ಹೋದ, ಕೆಳಗೆ ಬೂಟುಗಳು ಮಾತ್ರ ಕಾಣುತ್ತಿದ್ದವು, ತುಂಬ ಹೊತ್ತು ಅಲುಗಲೇ ಇಲ್ಲ, ಅವನು ಹೊರಗೆ ಬಂದ ಮೇಲೆ ಕಸ ಗುಡಿಸುವ ಮುದುಕಿ ಹೋದಳು, ಅವಳ ಹಿಂದೆ ಉಳಿದವರು, ಯಾರಿಗೆ ಹಾಕಿದೆ ಎಂದರೆ ನನಗೂ ಹೇಳಲಿಲ್ಲ ಎಂದು ಲ್ಯೂಬಾ ಅಳುತ್ತಲೇ ನಕ್ಕಳು, ಭಟ್ಟರಿಗೆ ಬರಬೇಕಾದದ್ದು ಅಳು, ಬಂದದ್ದು ಕುತೂಹಲ, ಅಷ್ಟು ಹೊತ್ತು ಒಳಗೆ ಎಂತ ಮಾಡಿದ — ದೇವರನ್ನು ನಂಬುವುದಿಲ್ಲ ಎಂದದ್ದೂ ಎಲ್ಲರೆದುರು ಅಲ್ಲವೆ, ಪಕ್ಷದವರ ಎದುರು, ಅಪ್ಪನ ಎದುರು, ಮೇಜಿನ ಮೇಲೆ ಹಾಕಿದ ಗುರುತು ಅದು, ಒಬ್ಬನೇ ಇರುವಾಗಿನದ್ದು ಯಾರಿಗೆ ಗೊತ್ತು, ಸುಭಾಷಿಣಿ, ಎಳ್ಳು ತಾ, ಅವರು ದಕ್ಷಿಣಕ್ಕೆ ತಿರುಗಿದರು, ಗೋತ್ರ ಹೇಳಿದರು, ಹೆಸರು ಹೇಳಿದರು, ಮುಂದಿನದು ನೆನಪಾಗಲಿಲ್ಲ, ಎರಡು ಬೂಟು, ಹಳೆಯವು, ಅಲುಗದವು, ಪರದೆಯ ಕೆಳಗೆ — ಕೃಷ್ಣಾ, ಅವನು ಏನು ಗುರುತು ಹಾಕಿದನೋ ನಾನು ಕೇಳುವುದಿಲ್ಲ, ನಿನಗೆ ಕಂಡಿದ್ದರೆ ಸಾಕು, ಅವನಿಗೆ ಶಾಂತಿ ಕೊಡು.